ಬೆಂಗಳೂರಿನಲ್ಲಿ ಬಿಸಿಲು ಬೀಳುವ ಸಣ್ಣ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಮೂರು ವರ್ಷದಲ್ಲಿ ಬೆಂಗಳೂರಿನಲ್ಲಿ ಐದು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಅದರಲ್ಲಿ ಎರಡು ಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟ್ ಹಾಕಿಕೊಂಡೇ ಅಕ್ಕಿ ಆರಿಸಬೇಕಿತ್ತು. ಈಗ ಇರುವುದು ಒಂದು ರೂಮು, ಒಂದು ಹಾಲು, ಸಣ್ಣ ಅಡುಗೆಮನೆ ಅಷ್ಟೇ. ಆದರೆ ಬೆಳಗ್ಗೆ ಏಳೂವರೆಗೆ ಎದುರಿನ ಗೋಡೆಯ ಮೇಲೆ ಬೀಳುವ ಬಿಸಿಲು ಒಂಬತ್ತರ ಹೊತ್ತಿಗೆ ನೆಲಕ್ಕೆ ಇಳಿದು, ಹತ್ತಕ್ಕೆ ಮೆಲ್ಲಗೆ ಕಿಟಕಿಯ ಬುಡಕ್ಕೆ ಸರಿಯುತ್ತದೆ. ಅದನ್ನು ನೋಡಿದ ಗೆಳೆಯರೆಲ್ಲ ಇಂಥ ಮನೆ ಹೇಗೆ ಸಿಕ್ಕಿತು ಅಂತ ಕೇಳುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನೂ, ನಾನು ಹೇಳಿದ ಉತ್ತರಗಳನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈಸ್ಟ್ ಫೇಸಿಂಗ್ ಮನೆ ಅಂದರೆ ಬೆಳಗಿನ ಬಿಸಿಲು ಗ್ಯಾರಂಟಿ ಅಲ್ವಾ?

ಅಲ್ಲ. ಎಲ್ಲರೂ ಮೊದಲು ಎಡವುವುದು ಇಲ್ಲೇ. ಬ್ರೋಕರ್ ಹೇಳುವ ಈಸ್ಟ್ ಫೇಸಿಂಗ್ ಬಾಗಿಲಿನ ಲೆಕ್ಕ. ಅದು ವಾಸ್ತುವಿಗೆ. ಬೆಳಕು ಒಳಗೆ ಬರುವುದು ಕಿಟಕಿಯಿಂದ. ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ತೆರೆಯುವುದು ಕಾರಿಡಾರಿಗೆ, ಕಿಟಕಿ ಬಾಲ್ಕನಿ ಎಲ್ಲ ಅದರ ಎದುರು ದಿಕ್ಕಿಗೆ ಇರುತ್ತವೆ. ಅಂದರೆ ಪೂರ್ವಕ್ಕೆ ಬಾಗಿಲಿರುವ ಒನ್ ಬಿಎಚ್‌ಕೆಗೆ ಎಷ್ಟೋ ಸಲ ಇರುವ ಕಿಟಕಿಗಳೆಲ್ಲ ಪಶ್ಚಿಮಕ್ಕೇ. ಬೆಳಗ್ಗೆ ಮಬ್ಬು, ಸಂಜೆ ನಾಲ್ಕಕ್ಕೆ ಕಾವು.

ಇಂಡಿಪೆಂಡೆಂಟ್ ಮನೆಯಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. 30x40 ಸೈಟಿನಲ್ಲಿ ಒಂದೊಂದು ಮಹಡಿಗೆ ಎರಡು ಪೋರ್ಷನ್ ಮಾಡಿರುತ್ತಾರೆ. ರಸ್ತೆ ಕಡೆಯ ಪೋರ್ಷನ್‌ಗೆ ಬೆಳಕು ಬೇಕಾದಷ್ಟು, ಹಿಂದಿನ ಪೋರ್ಷನ್‌ಗೆ ಡಕ್ಟೇ ಗತಿ, ಅಂದರೆ ಗಾಳಿಗೆ, ಪೈಪುಗಳಿಗೆ ಅಂತ ಗೋಡೆಗಳ ನಡುವೆ ಬಿಟ್ಟ ಕಿರಿದಾದ ಸಂದು. ಎರಡನ್ನೂ ಈಸ್ಟ್ ಫೇಸಿಂಗ್ ಅಂತಲೇ ಹೇಳುತ್ತಾರೆ. ಹಾಗಾಗಿ ಫೋನಿನಲ್ಲಿ ಮಾತಾಡುವಾಗ ಫೇಸಿಂಗ್ ಯಾವುದು ಅಂತ ಕೇಳಬೇಡಿ. ಹಾಲಿನ ಕಿಟಕಿ ಯಾವ ಕಡೆಗೆ, ಅದರ ಆಚೆ ಏನಿದೆ, ರಸ್ತೆನಾ, ಪಕ್ಕದ ಮನೆ ಗೋಡೆನಾ ಅಂತ ಕೇಳಿ. ಈ ಒಂದು ಪ್ರಶ್ನೆಗೇ ಅರ್ಧ ಮನೆಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ, ಸುಮ್ನೆ ಅಲೆಯುವುದು ತಪ್ಪುತ್ತದೆ.

ಹಾಗಾದರೆ ಯಾವ ದಿಕ್ಕಿನ ಕಿಟಕಿ ಒಳ್ಳೆಯದು?

ನನ್ನ ಆಯ್ಕೆ ಪೂರ್ವ, ಅದರ ನಂತರ ದಕ್ಷಿಣ. ಪೂರ್ವದ ಬಿಸಿಲು ಎಳೆಯದು, ಹತ್ತು ಹತ್ತೂವರೆಗೆ ಮುಗಿದುಹೋಗುತ್ತದೆ, ಮನೆ ಕಾಯುವುದಿಲ್ಲ.

ದಕ್ಷಿಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನಕ್ಕೂ ಅವನು ಸುಮಾರು 53 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬಂದು ಬೀಳುತ್ತದೆ, ಅದೂ ನಮಗೆ ಬೇಕಾದ ಚಳಿಯ ತಿಂಗಳುಗಳಲ್ಲೇ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳದ ಶೂನ್ಯ ನೆರಳಿನ ದಿನ ಅದು, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಬರುತ್ತದೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಊರಿಗೆ ಉತ್ತರದ ಕಡೆ ಇರುತ್ತಾನೆ. ಅದಕ್ಕೇ ಬೇಸಿಗೆ ಏರಿದಾಗ ದಕ್ಷಿಣದ ಕಿಟಕಿಯ ಮೇಲಿನ ಒಂದು ಸಜ್ಜಾ ಸಾಕು, ಬಿಸಿಲು ಒಳಗೆ ಬರುವುದಿಲ್ಲ.

ಉತ್ತರದ ಕಿಟಕಿಗೆ ಬಿಸಿಲೇ ಇಲ್ಲ ಅನ್ನುವ ಮಾತು ದೆಹಲಿಗೆ ಸರಿ ಇರಬಹುದು, ಇಲ್ಲಿಗೆ ಪೂರ್ತಿ ಸರಿಯಲ್ಲ. ಉತ್ತರದಿಂದ ವರ್ಷವಿಡೀ ತಂಪಾದ ಸಮನಾದ ಬೆಳಕು ಬರುತ್ತದೆ. ಮನೆಯಿಂದಲೇ ಕೆಲಸ ಮಾಡುವವರಿಗೆ, ಚಿತ್ರ ಬಿಡಿಸುವವರಿಗೆ, ಹೊಲಿಯುವವರಿಗೆ ಅದು ಚೆನ್ನ. ಪಶ್ಚಿಮ ನನಗೆ ಬೇಡ. ಮಾರ್ಚ್ ಏಪ್ರಿಲ್‌ನಲ್ಲಿ ಪಶ್ಚಿಮದ ಗೋಡೆಗೆ ರಾತ್ರಿ ಎಂಟಕ್ಕೆ ಅಂಗೈ ಇಟ್ಟು ನೋಡಿ, ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹತ್ತಿರ ಕೈ ಹಿಡಿದ ಹಾಗೆ ಇರುತ್ತದೆ.

ಸೂರ್ಯ ಹೀಗೆ ಅತ್ತಿತ್ತ ಸರಿಯುತ್ತಾನೆ ಅನ್ನುವುದು ಈ ಊರಿಗೆ ಹೊಸದೇನಲ್ಲ. ಗವಿಪುರದ ಗವಿಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸಾಲುಗಟ್ಟುತ್ತಾರೆ. ನಿಮ್ಮ ಕಿಟಕಿಗೂ ಇದೇ ಲೆಕ್ಕ. ಇವತ್ತು ಬಿಸಿಲು ಬಿದ್ದ ಜಾಗದಲ್ಲಿ ಆರು ತಿಂಗಳು ಬಿಟ್ಟು ಬೀಳುವುದಿಲ್ಲ.

ಮನೆ ನೋಡಲು ಎಷ್ಟು ಹೊತ್ತಿಗೆ ಹೋಗಬೇಕು?

ಹಗಲು ಹೊತ್ತು ಹೋಗಿ. ಆಫೀಸು ಮುಗಿಸಿ ರಾತ್ರಿ ಎಂಟಕ್ಕೆ ಹೋಗಿ ಮನೆ ಒಪ್ಪಿಕೊಳ್ಳುವವರೇ ಜಾಸ್ತಿ, ಅದರಲ್ಲಿ ನಾನೂ ಒಬ್ಬ ಆಗಿದ್ದೆ, ಮೊದಲ ಕತ್ತಲೆ ಮನೆ ಗಂಟು ಬಿದ್ದಿದ್ದು ಹಾಗೇ. ಒಂದೇ ಸಲ ಹೋಗಲು ಆಗುವುದಾದರೆ ಬೆಳಗ್ಗೆ ಹತ್ತರಿಂದ ಹನ್ನೊಂದರ ಒಳಗೆ. ಎರಡು ಸಲ ಆಗುವುದಾದರೆ ಎರಡನೆಯದು ಸಂಜೆ ನಾಲ್ಕಕ್ಕೆ.

ಒಳಗೆ ಹೋದ ಮೇಲೆ ಏನು ನೋಡಬೇಕು?

ಮೊದಲು ಲೈಟ್ ಆರಿಸಿ. ಮನೆ ತೋರಿಸುವವರು ಬಾಗಿಲು ತೆಗೆದ ಕೂಡಲೇ ಟಪಟಪ ಅಂತ ಎಲ್ಲ ಸ್ವಿಚ್ ಹಾಕಿಬಿಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಎರಡು ನಿಮಿಷ ಆರಿಸುತ್ತೇನೆ ಅಂತ ಹೇಳಿ ಆರಿಸಿ. ಕಣ್ಣು ಹೊಂದಿಕೊಳ್ಳಲಿ. ಆಮೇಲೆ ಹಾಲಿನ ನಡುವೆ, ನೀವು ಚಾಪೆ ಹಾಕಿ ಕೂರುವ ಜಾಗದಲ್ಲಿ ನಿಜವಾಗಿಯೂ ನೆಲಕ್ಕೆ ಕೂತು ಕಿಟಕಿ ಕಡೆ ನೋಡಿ. ಒಂದು ಚೂರಾದರೂ ಆಕಾಶ ಕಾಣುತ್ತಿದೆಯಾ? ಕಂಡರೆ ಹಗಲಲ್ಲಿ ಲೈಟ್ ಬೇಕಾಗುವುದಿಲ್ಲ. ಬರೀ ಪಕ್ಕದ ಮನೆಯ ಗೋಡೆ ಕಂಡರೆ ಬೇಕಾಗುತ್ತದೆ. ಬೇರೆ ಯಾವ ಪರೀಕ್ಷೆ ಮಾಡದಿದ್ದರೂ ಇದನ್ನು ಮಾಡಿ, ಯಾಕೆಂದರೆ ನಿಂತಾಗ ಕಾಣುವ ಆಕಾಶ ಕೂತಾಗ ಮಾಯವಾಗುತ್ತದೆ, ಮನೆಯಲ್ಲಿ ನಾವು ಜಾಸ್ತಿ ಹೊತ್ತು ಇರುವುದು ಕೂತೇ.

ಬೆಳಕು ಕಮ್ಮಿ ಇರುವ ಮನೆ ಮೂಗಿಗೂ ಗೊತ್ತಾಗುತ್ತದೆ. ಕಪಾಟಿನ ಬಾಗಿಲು ತೆರೆದು ವಾಸನೆ ನೋಡಿ, ಮುಗ್ಗಲು ವಾಸನೆ ಬಂದರೆ ಮಳೆಗಾಲದಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿಯುವುದು ಖಂಡಿತ. ಹೊಸ ಪೇಂಟ್ ಹೊಡೆದ ಗೋಡೆಯಲ್ಲಿ ಕೆಳಗಿನ ಎರಡಡಿ ಉಬ್ಬಿಕೊಂಡಿದೆಯಾ, ಪೇಂಟು ಪದರ ಪದರವಾಗಿ ಏಳುತ್ತಿದೆಯಾ ನೋಡಿ. ಅಡುಗೆಮನೆಗೆ ಸ್ವಂತ ಕಿಟಕಿ ಇರಬೇಕು, ಡಕ್ಟಿಗೆ ತೆರೆಯುವ ಸಣ್ಣ ವೆಂಟಿಲೇಟರ್ ಲೆಕ್ಕಕ್ಕೆ ಬರುವುದಿಲ್ಲ.

ದಿಕ್ಕು ನೋಡಲು ಫೋನಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಗ್ರಿಲ್ ಅಥವಾ ಬೀರು ಹತ್ತಿರ ಹಿಡಿದರೆ ತಪ್ಪು ತೋರಿಸುತ್ತದೆ. ರೂಮಿನ ನಡುವೆ ಬಂದು ನೋಡಿ.

ಎದುರಿನ ಕಟ್ಟಡ ಎಷ್ಟು ದೂರ ಇದ್ದರೆ ಸಾಕು?

ಟೇಪ್ ಹಿಡಿಯಬೇಕಿಲ್ಲ, ಮುಷ್ಟಿ ಸಾಕು. ಕೈ ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಎತ್ತರ ಸುಮಾರು 10 ಡಿಗ್ರಿ. ದಕ್ಷಿಣದ ಕಿಟಕಿ ಹತ್ತಿರ ನಿಂತು, ಕಣ್ಣಿನ ಮಟ್ಟದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಿ. ಎದುರು ಕಟ್ಟಡದ ತಲೆ ಐದು ಮುಷ್ಟಿಯ ಒಳಗೆ ಮುಗಿದರೆ ಡಿಸೆಂಬರ್‌ನಲ್ಲೂ ಮಧ್ಯಾಹ್ನ ನಿಮಗೆ ಬಿಸಿಲು ಸಿಗುತ್ತದೆ. ಅಡಿಯ ಲೆಕ್ಕದಲ್ಲಿ ಹೇಳುವುದಾದರೆ ಆ ಕಟ್ಟಡ ನಿಮ್ಮ ಕಿಟಕಿಗಿಂತ 30 ಅಡಿ, ಅಂದರೆ ಮೂರು ಮಹಡಿ ಮೇಲಕ್ಕೆ ಎದ್ದಿದ್ದರೆ ನಡುವೆ 22 ಅಡಿಯಾದರೂ ಬಯಲು ಬೇಕು.

ಪೂರ್ವಕ್ಕೆ ಇನ್ನೂ ಜಾಸ್ತಿ ದೂರ ಬೇಕು, ಬೆಳಗಿನ ಸೂರ್ಯ ಕೆಳಗಿರುತ್ತಾನಲ್ಲ. ಎದುರಿನ ಮನೆ ನಿಮ್ಮ ಕಿಟಕಿಗಿಂತ 20 ಅಡಿ ಎತ್ತರವಿದ್ದು ನಡುವೆ 30 ಅಡಿ ಇದ್ದರೆ, ಮಾರ್ಚ್ ತಿಂಗಳಲ್ಲಿ ಬೆಳಗ್ಗೆ ಎಂಟೂಮುಕ್ಕಾಲರ ಸುಮಾರಿಗೆ ಮೊದಲ ಬಿಸಿಲು ಒಳಗೆ ಬರುತ್ತದೆ. ಅಷ್ಟು ಹೊತ್ತಿಗೆ ನೀವು ಬಸ್ಸಿನಲ್ಲಿ ಇರುತ್ತೀರಾ, ಮನೆಯಲ್ಲಿ ಇರುತ್ತೀರಾ ಅನ್ನುವುದನ್ನೂ ಯೋಚಿಸಿ.

ಪಕ್ಕದಲ್ಲಿ ಖಾಲಿ ಸೈಟ್ ಇದೆ, ಮನೆ ತುಂಬಾ ಬೆಳಕು. ಒಪ್ಪಿಕೊಳ್ಳಲಾ?

ಇದಕ್ಕೆ ನನ್ನ ಎರಡನೇ ಮನೆಯ ಕಥೆ ಹೇಳುತ್ತೇನೆ. ಹಾಲಿನ ಕಿಟಕಿಯ ಆಚೆ ಖಾಲಿ ಸೈಟು, ಅದರಲ್ಲಿ ಎಕ್ಕದ ಗಿಡ, ಒಂದು ಪರಂಗಿ ಮರ. ಕಿಟಕಿಯ ಕಟ್ಟೆಯ ಮೇಲೆ ಅಮ್ಮ ಊರಿಂದ ತಂದ ತುಳಸಿ ಇಟ್ಟಿದ್ದೆ, ವಾರಕ್ಕೊಂದು ಸಲ ಚಿಗುರು ಚಿವುಟಬೇಕು ಅನ್ನುವಷ್ಟು ಸೊಂಪಾಗಿ ಬೆಳೆಯುತ್ತಿತ್ತು. ಏಳನೇ ತಿಂಗಳಿಗೆ ಬೋರ್‌ವೆಲ್ ಲಾರಿ ಬಂತು. ಆಮೇಲೆ ಜಲ್ಲಿ, ಎಂ ಸ್ಯಾಂಡ್, ವಾಚ್‌ಮನ್‌ಗೆ ಒಂದು ತಗಡಿನ ಶೆಡ್. ವರ್ಷ ತುಂಬುವಷ್ಟರಲ್ಲಿ ಕಿಟಕಿಯಿಂದ ಕೈ ಚಾಚಿದರೆ ಅಂಗೈಗೆ ಹಸಿ ಸಿಮೆಂಟ್ ಗೋಡೆ ತಾಕುತ್ತಿತ್ತು. ತುಳಸಿಯ ಎಲೆ ಮೊದಲು ತಿಳಿ ಹಸಿರಾಯಿತು, ಆಮೇಲೆ ಒಂದೊಂದಾಗಿ ಉದುರಿ ಬರೀ ಕಡ್ಡಿ ಉಳಿಯಿತು. ಅದೇ ತಿಂಗಳು ಮನೆ ಖಾಲಿ ಮಾಡಲು ನೋಟಿಸ್ ಕೊಟ್ಟೆ.

ಹಾಗಾಗಿ ಬೆಳಕು ಖಾಲಿ ಸೈಟಿನ ಕಡೆಯಿಂದ ಬರುತ್ತಿದ್ದರೆ ಅದು ನಿಮ್ಮದಲ್ಲ, ಸಾಲ ತಂದ ಬೆಳಕು. ಮೂಲೆ ಅಂಗಡಿಯವರನ್ನು, ಇಸ್ತ್ರಿ ಅಂಗಡಿಯವರನ್ನು ವಿಚಾರಿಸಿ, ಸೈಟ್ ಯಾವಾಗ ಕಟ್ಟುತ್ತಾರೆ ಅನ್ನುವುದು ಅವರಿಗೆ ಮಾಲೀಕರಿಗಿಂತ ಮೊದಲೇ ಗೊತ್ತಿರುತ್ತದೆ. ಹಳೆಯ ಒಂಟಿ ಮಹಡಿ ಮನೆ ಪಕ್ಕದಲ್ಲಿದ್ದರೂ ಇದೇ ಎಚ್ಚರ ಇರಲಿ, ಇವತ್ತಲ್ಲ ನಾಳೆ ಅದನ್ನು ಕೆಡವಿ ನಾಲ್ಕು ಮಹಡಿ ಏರಿಸುತ್ತಾರೆ. ನಂಬಬಹುದಾದ ಬಯಲು ಅಂದರೆ ರಸ್ತೆ, ಪಾರ್ಕು, ಕೆರೆ, ಶಾಲೆಯ ಮೈದಾನ.

ಕಾನೂನಿನಲ್ಲಿ ಬೆಳಕಿನ ಹಕ್ಕು ಅಂತ ಒಂದಿದೆ. 1882ರ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ ಕಟ್ಟಡಕ್ಕೆ ಬೆಳಕು ಬಂದಿದ್ದರೆ ಆ ಹಕ್ಕು ಹುಟ್ಟುತ್ತದೆ. ಅದಕ್ಕೆ ಹೋರಾಡುವುದು ಮಾಲೀಕರ ಕೆಲಸ. ಹನ್ನೊಂದು ತಿಂಗಳ ಅಗ್ರಿಮೆಂಟ್ ಇರುವ ನಮಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ.

ಟೆರೇಸ್ ಮೇಲಿನ ಪೆಂಟ್‌ಹೌಸ್ ಹೇಗೆ?

ಬೆಂಗಳೂರಿನಲ್ಲಿ ಪೆಂಟ್‌ಹೌಸ್ ಅಂದರೆ ಟೆರೇಸ್ ಮೇಲಿನ ಒಂದು ರೂಮು, ಒಂದು ಕಿಚನ್ನು, ಹೊರಗೆ ಬಟ್ಟೆ ಒಣಗಿಸುವ ತಂತಿ. ಬೆಳಕಿನಲ್ಲಿ ಅದನ್ನು ಮೀರಿಸುವ ಮನೆ ಇಲ್ಲ. ಸುತ್ತ ಬಯಲು, ಹಪ್ಪಳ ಸಂಡಿಗೆ ಒಣಗಿಸಬಹುದು, ಕುಂಡ ಇಡಬಹುದು, ಸಂಜೆ ಕುರ್ಚಿ ಹಾಕಿ ಕೂರಬಹುದು. ಆದರೆ ಮಾರ್ಚ್‌ನಿಂದ ಮೇ ತನಕ ತಾರಸಿ ಹಗಲೆಲ್ಲ ಕಾದು ರಾತ್ರಿಯಿಡೀ ಆ ಕಾವನ್ನು ಕೆಳಗೆ ಬಿಡುತ್ತದೆ. ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಅಥವಾ ಸುಣ್ಣ ಬಳಿಸಿಕೊಡಿ ಅಂತ ಒಳಗೆ ಬರುವ ಮುಂಚೆಯೇ ಕೇಳಿ, ಒಳಗೆ ಬಂದ ಮೇಲೆ ಯಾರೂ ಮಾಡಿಸಿಕೊಡುವುದಿಲ್ಲ. ಮೇಲೆ ಶೀಟ್ ಹಾಕಿದ್ದರೆ ನಾನು ಬೇಡ ಅನ್ನುತ್ತೇನೆ, ಬೇಸಿಗೆಯಲ್ಲಿ ಕೂರಲು ಆಗುವುದಿಲ್ಲ, ಮಳೆಯಲ್ಲಿ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ.

ಎರಡನೇ ಅಥವಾ ಮೂರನೇ ಮಹಡಿ, ಅದರ ಮೇಲೆ ಇನ್ನೊಂದು ಮಹಡಿ ಇದ್ದರೆ ಅದೇ ಸರಿಯಾದ ಜಾಗ. ಬೆಳಕು ಇರುತ್ತದೆ, ತಲೆಯ ಮೇಲೆ ಕಾವು ಇರುವುದಿಲ್ಲ.

ಗ್ರೌಂಡ್ ಫ್ಲೋರ್ ಬೇಡವೇ ಬೇಡವಾ?

ಹಾಗೇನಿಲ್ಲ. ವಯಸ್ಸಾದವರು ಜೊತೆಗಿದ್ದರೆ ಗ್ರೌಂಡ್ ಫ್ಲೋರೇ ಬೇಕಾಗುತ್ತದೆ. ಅಗಲ ರಸ್ತೆ, ಮುಂದೆ ಸ್ವಲ್ಪ ಅಂಗಳ ಇದ್ದರೆ ಸಾಕಷ್ಟು ಬೆಳಕು ಸಿಗುತ್ತದೆ. ತೊಂದರೆ ಬರುವುದು ಪರದೆಯಿಂದ. ಹಾದುಹೋಗುವವರಿಗೆ ಒಳಗೆಲ್ಲ ಕಾಣುತ್ತದೆ ಅಂತ ಪರದೆ ಎಳೆದೇ ಇಡುತ್ತಾರೆ, ಬೆಳಕು ಅಲ್ಲಿಗೇ ನಿಂತುಹೋಗುತ್ತದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ತೆಳು ಬಿಳಿ ಪರದೆ ಹಾಕಿ ಮೇಲಿನ ಅರ್ಧ ತೆರೆದಿಡಿ.

ಯಾವ ಏರಿಯಾದಲ್ಲಿ ಬೆಳಕಿನ ಮನೆ ಸಿಗುತ್ತದೆ?

ಏರಿಯಾಗಿಂತ ರಸ್ತೆ ಮುಖ್ಯ. ಆದರೂ ಹೇಳುತ್ತೇನೆ. ಬಸವನಗುಡಿ, ಮಲ್ಲೇಶ್ವರದ ಹಳೇ ಭಾಗಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಇದೆ. ಹಿಂದಿನ ಕಾಲದಲ್ಲಿ ಕಸ, ಮಲ ಸಾಗಿಸಲು ಬಿಟ್ಟ ಜಾಗ ಅದು, ಈಗ ಹಿಂದಿನ ಪೋರ್ಷನ್‌ಗಳಿಗೆ ಅದೇ ಉಸಿರು. ಅಲ್ಲಿ ಹಿಂದಿನ ಮನೆ ಅಂದ ಕೂಡಲೇ ಬೇಡ ಅನ್ನಬೇಡಿ, ಹೋಗಿ ನೋಡಿ. ಜಯನಗರದಲ್ಲಿ ರಸ್ತೆಗಳು ಅಗಲ, ಪಾರ್ಕ್‌ಗಳು ಜಾಸ್ತಿ, ಸಣ್ಣ ಮನೆ ಸಿಗುವುದು ಮಾತ್ರ ಕಷ್ಟ. ಬಿಟಿಎಂ, ಮಾರತ್ತಹಳ್ಳಿ ಕಡೆ ಒಳರಸ್ತೆಗಳಲ್ಲಿ ಸಣ್ಣ ಮನೆ ಬೇಕಾದಷ್ಟಿವೆ, ಆದರೆ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ, ಅಲ್ಲಿ ಮೂಲೆ ಸೈಟ್ ಮನೆಯನ್ನೇ ಹುಡುಕಿ, ಎರಡು ಕಡೆ ರಸ್ತೆ ಇರುತ್ತದೆ. ಸ್ವಲ್ಪ ದೂರ ಆದರೂ ಪರವಾಗಿಲ್ಲ ಅನ್ನುವವರು ಕೆಂಗೇರಿ ಉಪನಗರ, ಯಲಹಂಕ ನೋಡಬಹುದು. ಕೆಂಗೇರಿ ಕಡೆಯಿಂದ ವೈಟ್‌ಫೀಲ್ಡ್ ತನಕ ನೇರಳೆ ಮಾರ್ಗದ ಮೆಟ್ರೋ 2023ರಿಂದ ಪೂರ್ತಿ ಓಡುತ್ತಿದೆ, ಹಾಗಾಗಿ ದೂರ ಮೊದಲಿನಷ್ಟು ದೂರ ಅಲ್ಲ.

ಮರಗಳ ಬಗ್ಗೆ ಒಂದು ಮಾತು. ಕಿಟಕಿ ಎದುರು ದೊಡ್ಡ ಮಳೆಮರ ಇದ್ದರೆ ಬೆಳಕು ಕಮ್ಮಿ ಆಗುವುದು ನಿಜ. ಆದರೂ ನಾನು ಗೋಡೆಗಿಂತ ಮರವನ್ನೇ ಆರಿಸುತ್ತೇನೆ. ಎಲೆಗಳ ನಡುವೆ ಸೋಸಿ ಬಂದ ಬಿಸಿಲು ನೆಲದ ಮೇಲೆ ಅಲುಗಾಡುವುದನ್ನು ನೋಡುತ್ತಾ ಕಾಫಿ ಕುಡಿಯುವ ಸುಖಕ್ಕೆ ಸ್ವಲ್ಪ ಬೆಳಕು ಬಿಟ್ಟುಕೊಡಬಹುದು.

ಯಾವ ತಿಂಗಳಲ್ಲಿ ಹುಡುಕಿದರೆ ಒಳ್ಳೆಯದು?

ಆಷಾಢದಲ್ಲಿ. ನಾನು ಇದನ್ನು ಹೇಳಿದಾಗ ಎಲ್ಲರೂ ಮುಖ ನೋಡುತ್ತಾರೆ, ಆಷಾಢದಲ್ಲಿ ಯಾರಾದರೂ ಮನೆ ಬದಲಾಯಿಸುತ್ತಾರಾ ಅಂತ. ಬದಲಾಯಿಸುವುದಿಲ್ಲ, ಅದಕ್ಕೇ ಟು ಲೆಟ್ ಬೋರ್ಡ್‌ಗಳು ನೇತಾಡುತ್ತಲೇ ಇರುತ್ತವೆ, ಮಾಲೀಕರು ಕೂತು ಮಾತಾಡಲು ಸಿಗುತ್ತಾರೆ, ಒಂದೆರಡು ಸಾವಿರ ಇಳಿಯುವುದೂ ಉಂಟು. ಆದರೆ ನಿಜವಾದ ಕಾರಣ ಬೇರೆ. ಜೂನ್ ಜುಲೈನಲ್ಲಿ ಮೋಡ ಮುಚ್ಚಿಕೊಂಡಿರುತ್ತದೆ, ನೇರ ಬಿಸಿಲು ಅಪರೂಪ. ಫೆಬ್ರವರಿಯ ಬಿಸಿಲಲ್ಲಿ ಎಲ್ಲ ಮನೆಯೂ ಚೆಂದವೇ. ಆಷಾಢದ ಮೋಡದಲ್ಲೂ ಲೈಟ್ ಹಾಕದೆ ಪೇಪರ್ ಓದಲು ಆಗುವ ಮನೆ ವರ್ಷವಿಡೀ ಬೆಳಕಾಗಿರುತ್ತದೆ. ಜೊತೆಗೆ ಆಷಾಢದ ಗಾಳಿ. ಎದುರುಬದುರು ಕಿಟಕಿ ತೆರೆದರೆ ಗಾಳಿ ಹಾದುಹೋಗುತ್ತದಾ ಇಲ್ಲವಾ ಅಲ್ಲೇ ಗೊತ್ತಾಗುತ್ತದೆ. ಮನೆ ನೋಡಿ ಮಾತಾಡಿಕೊಂಡು, ಹಾಲು ಉಕ್ಕಿಸುವುದನ್ನು ಶ್ರಾವಣಕ್ಕೆ ಇಟ್ಟುಕೊಂಡರೆ ಮನೆಯಲ್ಲಿ ಹಿರಿಯರಿಗೂ ಸಮಾಧಾನ.

ಆನ್‌ಲೈನ್ ಫೋಟೋದಲ್ಲಿ ಬೆಳಕು ಗೊತ್ತಾಗುತ್ತದಾ?

ಪೂರ್ತಿ ಗೊತ್ತಾಗುವುದಿಲ್ಲ, ಆದರೆ ಕತ್ತಲೆ ಗೊತ್ತಾಗುತ್ತದೆ. ಎಲ್ಲ ಫೋಟೋದಲ್ಲೂ ಲೈಟ್ ಉರಿಯುತ್ತಿದ್ದರೆ, ಕಿಟಕಿ ಮುಚ್ಚಿದ್ದರೆ, ಕಿಟಕಿಯ ಆಚೆ ಏನಿದೆ ಅಂತ ಒಂದರಲ್ಲೂ ಕಾಣದಿದ್ದರೆ ಅನುಮಾನ ಪಡಿ. ಹಗಲು ಹನ್ನೊಂದಕ್ಕೆ ಲೈಟ್ ಆರಿಸಿ ಕಿಟಕಿ ಕಡೆ ತಿರುಗಿಸಿ ಒಂದು ವಿಡಿಯೋ ಕಳಿಸಿ ಅಂತ ಕೇಳಿ. ನೋಡದೆ ಟೋಕನ್ ಅಡ್ವಾನ್ಸ್ ಮಾತ್ರ ಯಾರಿಗೂ ಕಳಿಸಬೇಡಿ. ಆ್ಯಪ್‌ಗಿಂತ ನನಗೆ ಫಲ ಕೊಟ್ಟಿದ್ದು ಕಾಲ್ನಡಿಗೆ. ಭಾನುವಾರ ಬೆಳಗ್ಗೆ ಇಷ್ಟವಾದ ಏರಿಯಾದಲ್ಲಿ ಎರಡು ಗಂಟೆ ನಡೆದರೆ ಬೋರ್ಡ್ ಕಾಣುತ್ತದೆ, ಆ ಮನೆಯ ಕಿಟಕಿಗೆ ಬಿಸಿಲು ಬಿದ್ದಿದೆಯಾ ಅನ್ನುವುದೂ ರಸ್ತೆಯಿಂದಲೇ ಕಾಣುತ್ತದೆ.

ಅಡ್ವಾನ್ಸ್, ಅಗ್ರಿಮೆಂಟ್ ವಿಷಯ ಏನು?

ಹತ್ತು ತಿಂಗಳ ಅಡ್ವಾನ್ಸ್ ಈ ಊರಿನ ಹಳೇ ರೂಢಿ, 15,000 ಬಾಡಿಗೆಗೆ ಒಂದೂವರೆ ಲಕ್ಷ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ, ಆದರೆ ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡದೆ ಮಾಲೀಕರಿಗೆ ಕಟ್ಟುಪಾಡಲ್ಲ. ಚೌಕಾಸಿ ಮಾಡಿದರೆ ಐದಾರು ತಿಂಗಳಿಗೆ ಇಳಿಯುವವರು ಇದ್ದಾರೆ. ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಮಾಡುವುದು ಯಾಕೆಂದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ನೋಟಿಸ್ ಎಷ್ಟು ತಿಂಗಳು, ಕಾವೇರಿ ನೀರು ಇದೆಯಾ, ಟೆರೇಸ್ ಬಳಸಬಹುದಾ, ಇಷ್ಟನ್ನೂ ಬರೆಸಿಕೊಳ್ಳಿ. ಟೆರೇಸ್ ಬಾಯಿಮಾತಲ್ಲಿ ಕೊಟ್ಟು ಆಮೇಲೆ ಬೀಗ ಹಾಕಿದ ಮನೆಯಲ್ಲಿ ನಾನೇ ಇದ್ದೆ, ಎರಡು ಮಳೆಗಾಲ ಒದ್ದೆ ಬಟ್ಟೆ ಹಾಲಿನಲ್ಲೇ ನೇತಾಡುತ್ತಿತ್ತು.

ಕರೆಂಟ್ ಮೀಟರ್ ನಿಮ್ಮ ಮನೆಗೇ ಪ್ರತ್ಯೇಕ ಇದೆಯಾ ನೋಡಿ, ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಬರೆದುಕೊಳ್ಳಿ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ.

ಬೆಳಕಿಗೋಸ್ಕರ ಜಾಸ್ತಿ ಬಾಡಿಗೆ ಕೊಡಬಹುದಾ?

ಕೊಡಬಹುದು, ಮನೆ ಸಣ್ಣದಾದರೂ ಪರವಾಗಿಲ್ಲ ಅಂತ ಒಪ್ಪಿಕೊಂಡರೆ ಅಷ್ಟೇನೂ ಜಾಸ್ತಿ ಆಗುವುದಿಲ್ಲ. ಕತ್ತಲೆಯ ಟೂ ಬಿಎಚ್‌ಕೆ ಬಿಟ್ಟು ಬೆಳಕಿನ ಒನ್ ಬಿಎಚ್‌ಕೆಗೆ ಬಂದವನು ನಾನು. ಒಂದು ರೂಮು ಕಮ್ಮಿ ಆಯಿತು ಅಂತ ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಅನಿಸಿಲ್ಲ. ಆ ಹಳೇ ಮನೆಯಲ್ಲಿ ಭಾನುವಾರ ಎದ್ದರೆ ಏಳು ಗಂಟೆಯೋ ಹನ್ನೊಂದೋ ಗೊತ್ತಾಗುತ್ತಿರಲಿಲ್ಲ, ಏಳಬೇಕು ಅಂತಲೂ ಅನಿಸುತ್ತಿರಲಿಲ್ಲ.

ಈಗ ಇರುವ ಮನೆಯೇ ಕತ್ತಲೆ, ಸದ್ಯಕ್ಕೆ ಬಿಡಲು ಆಗುವುದಿಲ್ಲ. ಏನು ಮಾಡಲಿ?

ಸೊಳ್ಳೆ ಪರದೆಯ ಜಾಲರಿ ತೆಗೆದು ತೊಳೆಯಿರಿ, ವರ್ಷಗಟ್ಟಲೆ ಧೂಳು ಕೂತ ಜಾಲರಿ ಎಷ್ಟು ಬೆಳಕು ತಡೆಯುತ್ತದೆ ಅನ್ನುವುದು ತೊಳೆದ ದಿನವೇ ಗೊತ್ತಾಗುತ್ತದೆ. ಕಿಟಕಿಯ ಎದುರಿನ ಗೋಡೆಗೆ ಬಿಳಿ ಬಣ್ಣ, ಅದರ ಮೇಲೆ ಕಿಟಕಿಗೆ ಮುಖ ಮಾಡಿ ಒಂದು ದೊಡ್ಡ ಕನ್ನಡಿ. ಹಳೇ ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಆದರೆ ಬೆಳಕು ನುಂಗುತ್ತದೆ, ಕಿಟಕಿಯ ಬುಡದಲ್ಲಿ ತಿಳಿ ಬಣ್ಣದ ಚಾಪೆ ಹಾಸಿ. ಬೀರು ಕಿಟಕಿ ಪಕ್ಕ ಇದ್ದರೆ ಇವತ್ತೇ ಸರಿಸಿ. ಡಕ್ಟಿನ ಒಳಗೋಡೆಗೆ ಬಿಳಿ ಸುಣ್ಣ ಹೊಡೆಸಿಕೊಡಿ ಅಂತ ಮಾಲೀಕರನ್ನು ಕೇಳಿ, ಅದಕ್ಕೆ ಖರ್ಚು ಕಮ್ಮಿ, ಬಹಳ ಜನ ಒಪ್ಪುತ್ತಾರೆ, ಹಿಂದಿನ ಅಡುಗೆಮನೆಗೆ ಅದರಿಂದ ನಿಜವಾಗಿಯೂ ಬೆಳಕು ಇಳಿಯುತ್ತದೆ.

ಮನೆ ಇಷ್ಟವಾಗಿದೆ, ನಾಳೆ ಅಡ್ವಾನ್ಸ್ ಕೊಡಬೇಕು. ಕೊನೆಗೆ ಇನ್ನೇನಾದರೂ ನೋಡಬೇಕಾ?

ಟೆರೇಸಿಗೆ ಒಮ್ಮೆ ಹತ್ತಿ. ಪೂರ್ವಕ್ಕೂ ದಕ್ಷಿಣಕ್ಕೂ ನೋಡಿ. ಅಕ್ಕಪಕ್ಕದ ತಾರಸಿಗಳಲ್ಲಿ ಕಂಬದ ಕಬ್ಬಿಣದ ಸರಳುಗಳು ಮೇಲಕ್ಕೆ ಚಾಚಿಕೊಂಡು ನಿಂತಿದ್ದರೆ ಅಲ್ಲಿ ಇನ್ನೊಂದು ಮಹಡಿ ಏರಲಿದೆ ಅಂತ ಅರ್ಥ. ಆ ಸರಳುಗಳ ತುದಿಗೆ ಹತ್ತಡಿ ಸೇರಿಸಿಕೊಂಡು ಮುಷ್ಟಿಯ ಲೆಕ್ಕ ಇನ್ನೊಮ್ಮೆ ಹಾಕಿ, ಆಮೇಲೆ ದುಡ್ಡು ಕೊಡಿ.